ಚಿಮಣಿ ಬುಡದ ಬೂದಿ

ಜಟ್ಟೆಮ್ಮ ಸಿಂಧನೂರು ಕಡೆಯಿಂದ ಗಂಡ ನಿಂಗಣ್ಣನ ಜೊತೆ ಬಂದು ಕಗ್ಗದಾಸಪುರದ ಬಾಡಿಗೆ ಕೋಣೆ ಸೇರಿದ್ದು ತೊಂಬತ್ತೆಂಟರಲ್ಲಿ. ಕೆ.ಆರ್. ಪುರದಾಚೆಯ ಕಸ ಸುಡುವ ಖಾಸಗಿ ಘಟಕವೊಂದರಲ್ಲಿ ನಿಂಗಣ್ಣನಿಗೆ ಕೆಲಸ. ಹಳೇ ಬ್ಯಾಟರಿ, ಟ್ಯೂಬ್‌ಲೈಟು, ಪ್ಲಾಸ್ಟಿಕ್ಕು ಎಲ್ಲ ಒಂದೇ ಬೆಂಕಿಗೆ ಬೀಳುತ್ತಿದ್ದವು. ಚಿಮಣಿಯ ಬುಡದಲ್ಲಿ ಕೂರುವ ಬೂದಿ ಮಾತ್ರ ಹಿಟ್ಟಿನಷ್ಟು ನುಣುಪು. ಅವನು ಅದನ್ನು ಚೀಲದಲ್ಲಿ ಮನೆಗೆ ತಂದ. ಊರಲ್ಲಿ ಒಲೆಯ ಬೂದಿಯಿಂದಲೇ ಪಾತ್ರೆ ತಿಕ್ಕಿ ಬೆಳೆದ ಜಟ್ಟೆಮ್ಮನಿಗೆ ಖುಷಿಯಾಯಿತು. ಪಕ್ಕದ ಕೋಣೆಯ ನೂರುನ್ನೀಸಾಗೂ ಒಂದು ಡಬ್ಬಿ ಕೊಟ್ಟಳು.

ನೂರುನ್ನೀಸಾಳ ಮಗಳು ಜೀನತ್‌ಗೆ ಆಗ ಎರಡು ವರ್ಷ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕೂತು ಬೂದಿ ನೆಕ್ಕುತ್ತಿದ್ದಳು. ಕೆಲವು ತಿಂಗಳಲ್ಲೇ ಹೊಟ್ಟೆನೋವು, ವಾಂತಿ. ಕಲಿತಿದ್ದ ಮಾತೂ ನಿಂತುಹೋಯಿತು. ಶಿವಾಜಿನಗರದ ವೈದ್ಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, "ಮೈಯಲ್ಲಿ ಸೀಸ ಸೇರಿದೆ. ಮಗು ಬಾಯಿಗೆ ಏನು ಹಾಕ್ಕೊಳ್ತಿದೆ ನೋಡಿ," ಎಂದರು. ಜೊತೆಗೆ ಹೋಗಿದ್ದ ಜಟ್ಟೆಮ್ಮ ಮರುದಿನ ಆ ಡಬ್ಬಿಯನ್ನೇ ಒಯ್ದು ಅವರ ಮುಂದಿಟ್ಟಳು. ಪರೀಕ್ಷೆ ಮಾಡಿಸಿದಾಗ ಬೂದಿಯಲ್ಲಿ ಸೀಸವೂ ಇತ್ತು, ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹವೂ ಇತ್ತು.

"ಕೊಟ್ಟಾಕಿ ನಾನಽ. ಬೈಯವ್ವ ನನಗ," ಎಂದಳು ನೂರುನ್ನೀಸಾಗೆ.

"ನಿಮ್ಗೆ ಗೊತ್ತಿತ್ತಾ ಅಕ್ಕ? ಇಲ್ವಲ್ಲ."

ಬೈದಿದ್ದರೆ ಜಟ್ಟೆಮ್ಮನ ಎದೆ ಹಗುರಾಗುತ್ತಿತ್ತೇನೋ.

ವೈದ್ಯರ ದೂರಿನ ಮೇಲೆ ಅಧಿಕಾರಿಗಳು ಬಂದು ಘಟಕವನ್ನು ನಿಲ್ಲಿಸಿದರು. ಮತ್ತೆ ತೆರೆದಾಗ ಬ್ಯಾಟರಿ, ಟ್ಯೂಬ್‌ಲೈಟು ಬೆಂಕಿಗೆ ಹೋಗುವ ಮೊದಲೇ ಬೇರೆಯಾಗುತ್ತಿದ್ದವು. ಬೂದಿಯನ್ನು ನೀರಲ್ಲಿ ನೆನೆಸಿ, ಸಿಮೆಂಟಿನಲ್ಲಿ ಕಲಸಿ ಗಟ್ಟಿ ಅಚ್ಚು ಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯಲ್ಲಿ ಹೂಳಬೇಕಿತ್ತು. ಆ ಕೆಲಸವನ್ನು ಜಟ್ಟೆಮ್ಮ ತಾನೇ ಕೇಳಿ ಪಡೆದಳು.

"ನಿನಗ್ಯಾಕ ಬೇಕಿತ್ತು?" ಎಂದ ನಿಂಗಣ್ಣ.

"ಒಂದು ಹಿಡಿನೂ ಹೊರಗ ಹೋಗಬಾರದು."

ಮೂಗಿಗೆ ಮುಸುಕು, ಕೈಗೆ ಗವಸು ಹಾಕಿಕೊಂಡು ವರ್ಷಗಟ್ಟಲೆ ಕಲಸಿದಳು. ಯಾರದೋ ಅಂಗಳದ ರಂಗೋಲಿ ಪುಡಿ ಕಂಡರೂ ನಡೆಯುತ್ತಿದ್ದವಳು ನಿಂತುಬಿಡುತ್ತಿದ್ದಳು. ತೊಳೆದ ತಟ್ಟೆಯನ್ನು ಬೆರಳಿಂದ ಸವರದೆ ಅನ್ನ ಬಡಿಸುತ್ತಿರಲಿಲ್ಲ. ನೂರುನ್ನೀಸಾ ಮಗಳನ್ನು ಕರೆದುಕೊಂಡು ಶಿವಾಜಿನಗರಕ್ಕೆ ಮನೆ ಬದಲಿಸಿದ ಮೇಲೂ, ಬೀಗ ಹಾಕಿದ ಆ ಕೋಣೆಯ ಕಡೆಯಿಂದ ಮಗುವೊಂದು ಬೆರಳು ಚೀಪುವ ಸದ್ದು ಮಧ್ಯಾಹ್ನಗಳಲ್ಲಿ ಅವಳಿಗೆ ಕೇಳುತ್ತಿತ್ತು. ಬಾಗಿಲಿಗೆ ಕಿವಿಯಿಟ್ಟರೆ ಏನೂ ಇಲ್ಲ.

ಜೀನತ್ ಬದುಕಿದಳು. ಹನ್ನೊಂದು ತುಂಬಿದರೂ ಅಕ್ಷರ ತಲೆಯಲ್ಲಿ ನಿಲ್ಲಲಿಲ್ಲ. ರಸೆಲ್ ಮಾರುಕಟ್ಟೆ ಹಿಂದಿನ ಅವರ ಮನೆಗೆ ಜಟ್ಟೆಮ್ಮ ಭಾನುವಾರ ಹೋದಾಗಲೆಲ್ಲ ಹುಡುಗಿ ಹಣೆ ಗಂಟಿಕ್ಕಿ, "ನಿಮ್ ಹೆಸ್ರೇನು ಆಂಟಿ?" ಎಂದು ಕೇಳುತ್ತಿದ್ದಳು.

ಜಟ್ಟೆಮ್ಮ ಪ್ರತಿಸಲವೂ ಹೆಸರು ಹೇಳುತ್ತಿದ್ದಳು. ಜೀನತ್ ಅದನ್ನು ನಿಧಾನವಾಗಿ ಉಚ್ಚರಿಸಿ, ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಡುತ್ತಿದ್ದಳು.