ನೀಲಿ ದಾರ ಕಟ್ಟಿದ ವಾಲ್ವು

ಅಂದು ಮಂಗಳವಾರ. ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲ ಮುಂದೆ ಗುಡಿಸಿ ನೀರು ಹಾಕಿದೆ. ನಲ್ಲಿಯಲ್ಲಿ ಎಂಟು ಕೊಡ ನೀರು ಹಿಡಿದೆ. ಹಿಂದಿನ ದಿನ ನೆನೆಹಾಕಿದ್ದ ಹುರುಳಿಕಾಳು ಬೇಯಿಸಿ ಕಟ್ಟು ಬಸಿದಿಟ್ಟೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸಿದೆ. ರೈಲಿಗೆ ಹೋಗುವವರಿಂದ ಹನ್ನೊಂದು ಸೈಕಲ್ ವಾಲ್ವು ಇಸಿದುಕೊಂಡು, ದಾರ ಬಿಗಿಯಾಗಿದೆಯೇ ನೋಡಿ, ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ನಾಲ್ಕು ರವಿಕೆಗಳಿಗೆ ಹುಕ್ಕು ಹೊಲಿದು, ಇಸ್ತ್ರಿ ಮಾಡಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದೆ. ಒಂಬತ್ತರ ಬಸ್ಸಿಗೆ ಹಳೇಬೀಡಿನ ಕಡೆ ಹೊರಟೆ. ಸಂಜೆ ಒಬ್ಬ ಮನುಷ್ಯನ ಮುಖಕ್ಕೆ ಚಪ್ಪಲಿಯಲ್ಲಿ ಹೊಡೆದೆ.

ದಿನದ ಕೆಲಸಗಳನ್ನು ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಹಾಲಿನವನು ಬಾರದ ದಿನ, ಸೀಮೆಎಣ್ಣೆ ಮುಗಿದ ದಿನ, ಯಾರ ರವಿಕೆಯ ತೋಳು ಬಿಗಿಯಾಯಿತು, ಎಲ್ಲವೂ ಆ ನೋಟುಬುಕ್ಕುಗಳಲ್ಲಿದೆ. ಆ ಮಂಗಳವಾರದ ಪುಟದಲ್ಲಿ ಚಪ್ಪಲಿಯ ವಾಕ್ಯ ಮಾತ್ರ ಇಲ್ಲ. ಇಷ್ಟು ವರ್ಷದ ಮೇಲೆ ಈಗ ಸೇರಿಸುತ್ತಿದ್ದೇನೆ.

ಆಗ ನಾವು ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಓಣಿಯಲ್ಲಿದ್ದೆವು. ತೊಂಬತ್ತರ ದಶಕದ ನಡುವಿನ ವರ್ಷಗಳು. ಜಗಲಿಯ ಪಕ್ಕದ ಕಿಟಕಿಗೆ ನನ್ನ ಹೊಲಿಗೆ ಯಂತ್ರ, ಎದುರಿಗೆ ಮುಚ್ಚಿಹೋದ ಕೊಬ್ಬರಿ ಗೋದಾಮಿನ ಉದ್ದ ಗೋಡೆ. ಸುತ್ತಲಿನ ಹಳ್ಳಿಗಳಿಂದ ಸೈಕಲ್ ತುಳಿದು ಬಂದು ರೈಲು ಹತ್ತುವವರು ಆ ಗೋಡೆಗೇ ಸೈಕಲ್ ಒರಗಿಸಿ ಓಡುತ್ತಿದ್ದರು. ನಮ್ಮ ಯಜಮಾನರು ಊರಾಚೆಯ ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸಕ್ಕಿದ್ದರು. ಅವರ ಸೈಕಲ್ಲೂ ಅಲ್ಲೇ ನಿಲ್ಲುತ್ತಿತ್ತು.

ಅದು ಕಳುವಾದದ್ದು ಅವರು ಒಳಗೆ ಕೂತು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ. ಹೊರಗೆ ಬಂದು ಗೋಡೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಗೋಡೆ ನೋಡಿದರು. ಆಮೇಲೆ ಕೈಯಲ್ಲಿದ್ದ ಹಿತ್ತಾಳೆ ಲೋಟವನ್ನು ಬೀಸಿ ಆ ಗೋಡೆಗೆ ಹೊಡೆದರು. ಒಂದು ಹಿಡಿ ಗಾರೆ ಕಿತ್ತು ಬಂತು. ಲೋಟದ ಬಾಯಿ ನಜ್ಜುಗುಜ್ಜಾಯಿತು. ಠಾಣೆಗೆ ಹೋದರೆ ಫ್ರೇಮಿನ ನಂಬರು ಕೇಳಿದರು. ಸೀಟಿನ ಕೆಳಗೆ ಕಬ್ಬಿಣದ ಮೇಲೆ ನಂಬರು ಒತ್ತಿರುತ್ತಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಕೊಂಡಾಗಿನ ರಸೀದಿಯೂ ಇರಲಿಲ್ಲ. ಸೈಕಲ್ ರಿಪೇರಿ ಅಂಗಡಿಗಳನ್ನೆಲ್ಲ ಸುತ್ತಿದರು. ಯಾರೋ ಬೇಲೂರಿನಲ್ಲಿ ನೋಡಿದೆ ಅಂದರೆಂದು ಅಲ್ಲಿಗೂ ಹೋಗಿ ಬಂದರು. ಸಿಗಲಿಲ್ಲ.

ಐದು ತಿಂಗಳು ಅವರು ಸಾಮಿಲ್ಲಿಗೆ ನಡೆದರು. ನಡೆದಷ್ಟೂ ಸಿಟ್ಟು ಬಲಿಯಿತು. ಮೊದಲೆಲ್ಲ ಗಟ್ಟಿಯಾಗಿ ಬೈಯುತ್ತಿದ್ದವರು ಬರಬರುತ್ತ ಮಾತೇ ಆಡದಾದರು. ಒಂದು ದಿನ ಬಾಗಿಲ ಹಿಂದೆ ಗುಡಿಸುವಾಗ ಎಣ್ಣೆಬಟ್ಟೆಯಲ್ಲಿ ಸುತ್ತಿದ ಹಳೇ ಸೈಕಲ್ ಚೈನು ಸಿಕ್ಕಿತು.

"ಇದೇನ್ರೀ?"

"ಇರ್ಲಿ ಬಿಡು. ಸಿಗ್ತಾನಲ್ಲ ಒಂದಿನ."

ನಾನು ಅದನ್ನು ಇದ್ದ ಜಾಗದಲ್ಲೇ ಇಟ್ಟು ಮುಂದಕ್ಕೆ ಗುಡಿಸಿದೆ.

ಆಮೇಲೆ ಹಳೆಯದೊಂದು ಸೈಕಲ್ ಕೊಂಡೆವು. ಮನೆಗೆ ತಂದೊಡನೆ ಫ್ರೇಮಿನ ನಂಬರನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಎರಡನೆಯದಾಗಿ ನನ್ನ ಅಪ್ಪನ ಉಪಾಯ ಹಿಡಿದೆ. ಅಪ್ಪ ಸಂತೆಗೆ ಹೋದಾಗ ಹಿಂದಿನ ಚಕ್ರದ ವಾಲ್ವನ್ನು ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಟ್ಯೂಬಿನ ಗಾಳಿ ಹೊರಗೆ ಬಾರದಂತೆ ತಡೆಯುವುದು ಆ ಕಿರುಬೆರಳಿನ ತುದಿಯಷ್ಟಿನ ಹಿತ್ತಾಳೆ ತುಂಡು. ಅದಿಲ್ಲದಿದ್ದರೆ ಬೀಗ ಒಡೆದರೂ ಕಳ್ಳ ಹತ್ತಿ ತುಳಿಯಲಾರ, ತಳ್ಳಿಕೊಂಡೇ ಹೋಗಬೇಕು.

ಯಜಮಾನರ ವಾಲ್ವನ್ನು ತೆಗೆದಿಡುವ ಸುದ್ದಿ ಓಣಿಯಲ್ಲಿ ಹಬ್ಬಿ ರೈಲಿನವರೂ ಒಬ್ಬೊಬ್ಬರಾಗಿ "ನಮ್ದೂ ಇಟ್ಕಳಿ ಅಕ್ಕಾ" ಎಂದು ತಂದುಕೊಟ್ಟರು. ಒಂದರಂತೆ ಇನ್ನೊಂದು ಇರುವುದರಿಂದ ಗುರುತಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ಹೊಲಿಗೆ ದಾರ ಕಟ್ಟಿದೆ. ಗುಂಡಿಗಳ ಡಬ್ಬದಲ್ಲಿ ಹಾಕಿ ಯಂತ್ರದ ಡ್ರಾಯರಿನಲ್ಲಿ ಬೀಗ ಹಾಕಿಡುತ್ತಿದ್ದೆ. ಸಂಜೆ ಆರರ ರೈಲಿಗೆ ಬಂದು ಬಣ್ಣ ಹೇಳಿ ಇಸಿದುಕೊಂಡು, ಜಗಲಿಯಲ್ಲಿಟ್ಟ ನಮ್ಮ ಪಂಪಿನಲ್ಲೇ ಗಾಳಿ ಹೊಡೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ಹಾರನಹಳ್ಳಿ ಕಡೆಯ ಒಬ್ಬನಿದ್ದ. ತಿಪಟೂರಿನಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ತಿರುಚಿ ಸಿಪ್ಪೆ ಬಿಡಿಸುವ ಕೆಲಸ ಅದು. ಮಣಿಕಟ್ಟು ಗಟ್ಟಿಯಿದ್ದರೆ ಅನ್ನ. ದಿನಾ ಬೆಳಿಗ್ಗೆ ವಾಲ್ವು ಕೊಟ್ಟು, "ನೀಲಿ ದಾರ ಅಕ್ಕಾ, ಮರೀಬ್ಯಾಡಿ" ಎಂದು ಹೇಳಿಯೇ ಓಡುತ್ತಿದ್ದ. ಅಷ್ಟು ಹೊತ್ತಿಗೆ ಯಜಮಾನರು ಸಾಮಿಲ್ಲಿಗೆ ಹೋಗಿಬಿಟ್ಟಿರುತ್ತಿದ್ದರು, ಅವರು ತಿರುಗಿ ಬರುವಾಗ ಇವರೆಲ್ಲ ಹೋಗಿರುತ್ತಿದ್ದರು. ಯಾರ ಮುಖವೂ ಅವರಿಗೆ ಗೊತ್ತಿರಲಿಲ್ಲ. ರೈಲಿಗೆ ಓಡುವವರ ಮುಖ ಓಣಿಯವರಿಗೂ ಅಷ್ಟಾಗಿ ಪರಿಚಯವಿರಲಿಲ್ಲ.

ಓಣಿಯ ಟೀ ಅಂಗಡಿಯವನು ಒಂದು ದಿನ ಕೇಳಿದ. "ಅಲ್ಲಕ್ಕಾ, ಪಂಚರ್ ಆದೋನೂ ತಳ್ಕಂಡೇ ಓಗ್ತಾನೆ. ಅದ್ರಾಗೆ ಕಳ್ಳ ಯಾರು ಅಂತ ಗೊತ್ತಾಗೋದೆಂಗೆ?"

"ಪಂಚರ್ ಆದೋನು ಸ್ಟೇಷನ್ ಕಡೆ ಸೈಕಲ್ ಶಾಪಿಗೆ ತಳ್ತಾನೆ. ಕಳ್ಳ ಹಳ್ಳಿ ರಸ್ತೆ ಕಡೆ ತಳ್ತಾನೆ. ಆ ಕಡೆ ಹೊರಟೋನ್ನ ಬಿಡಬೇಡಿ," ಅಂದೆ.

"ಬಿಡಾದುಂಟಾ! ಚರ್ಮ ಸುಲ್ದು ಸೀಟಿಗೆ ಕವರ್ ಹಾಕುಸ್ತೀನಿ. ನೀವೇ ಹೊಲ್ಕೊಡ್ಬೇಕು ಮತ್ತೆ."

"ಅಳತೆ ತಗೊಂಡು ಬಾ, ಹೊಲಿಯೋಣ," ಅಂದೆ.

ಅಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ಮಾತು ಓಣಿಗೆ ಕಾನೂನಾಯಿತು.

ಆ ಮಂಗಳವಾರ ನಾನು ಹೋದದ್ದು ಹಳೇಬೀಡಿನ ಹತ್ತಿರ, ಮಾದಿಹಳ್ಳಿಯಲ್ಲಿರುವ ಅಕ್ಕನ ಮನೆಗೆ. ಅವಳ ಮಗಳ ಮದುವೆಯ ರವಿಕೆಗಳನ್ನು ತೊಡಿಸಿ ನೋಡಬೇಕಿತ್ತು. ಬೇರೆ ದಿನ ಹೊರಗೆ ಹೋದರೆ ಡ್ರಾಯರಿನ ಕೀಲಿಯನ್ನು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಹೋಗುತ್ತಿದ್ದೆ. ಅಂದು ಬಸ್ಸಿನ ಅವಸರದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟೆ. ಜಾವಗಲ್ ದಾಟಿದ ಮೇಲೆ ನೆನಪಾಯಿತು. ಎಲ್ಲರೂ ಬರುವುದು ಆರಕ್ಕೆ ತಾನೆ, ನಾಲ್ಕಕ್ಕೆ ನಾನೇ ಇರುತ್ತೇನೆ ಎಂದುಕೊಂಡೆ. ಬರುವಾಗ ಅದೇ ಜಾವಗಲ್ಲಿನಲ್ಲಿ ಬಸ್ಸಿನ ಮೇಲೆ ಕಾಯಿ ಮೂಟೆ ಏರಿಸುತ್ತ ಒಂದು ಗಂಟೆ ನಿಲ್ಲಿಸಿದರು. ಓಣಿಯ ತಿರುವಿಗೆ ಬಂದಾಗ ಐದಾಗಿತ್ತು.

ಟೀ ಅಂಗಡಿಯವನು ಎದುರಿಗೇ ಓಡಿಬಂದ. "ಬಾ ಅಕ್ಕಾ, ಬಿರ್‍ರನೆ ಬಾ! ಸಿಕ್ದ ನಿಮ್ ಕಳ್ಳ!"

ನನಗೆ ಆದದ್ದು ಸಂತೋಷ. ಬೇರೆ ಯಾವ ಹೆಸರೂ ಅದಕ್ಕಿಲ್ಲ. ಜಗಲಿಯ ಮುಂದೆ ಮೂವತ್ತು ಜನ. ನನ್ನನ್ನು ಕಂಡು ದಾರಿ ಬಿಟ್ಟರು. ಜಗಲಿಯ ಕಲ್ಲುಕಂಬಕ್ಕೆ ಒಬ್ಬನನ್ನು ಕೈ ಹಿಂದಕ್ಕೆ ತಿರುಚಿ ಕಟ್ಟಿದ್ದರು. ಕಟ್ಟಿದ್ದು ಬಾಗಿಲ ಹಿಂದಿದ್ದ ಆ ಚೈನು. ಅಂಗಿ ಹರಿದಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿ ಊದಿತ್ತು. ಮೂಗಿನ ರಕ್ತ ಬಾಯಿಗೆ, ಬಾಯಿಯ ರಕ್ತ ಎದೆಗೆ ಇಳಿದು ಮುಖ ಯಾರದೆಂದು ತಿಳಿಯುವಂತಿರಲಿಲ್ಲ. ಯಜಮಾನರು ಪಕ್ಕದಲ್ಲಿ ಪಂಪು ಹಿಡಿದು ನಿಂತಿದ್ದರು. ಏದುಸಿರು ಬಿಡುತ್ತಿದ್ದರು. ಅವರ ಮುಖದಲ್ಲಿ ಸೈಕಲ್ ಕಳುವಾದಾಗಿನಿಂದ ಕಾಣದ ಒಂದು ಬೆಳಕಿತ್ತು.

ರವಿಕೆಯ ಚೀಲವನ್ನು ನೆಲಕ್ಕಿಟ್ಟೆ. ಬಲಗಾಲಿನ ಚಪ್ಪಲಿ ತೆಗೆದೆ. ನೆಟ್ಟಗೆ ಹೋಗಿ ಅವನ ಎಡಗೆನ್ನೆಗೆ ಹೊಡೆದೆ. ತಲೆ ಕಂಬಕ್ಕೆ ಬಡಿಯಿತು.

"ಇನ್ನೊಂದು ಬುಡಕ್ಕಾ," ಎಂದರು ಯಾರೋ.

ಇನ್ನೊಂದಕ್ಕೆ ಕೈ ಎತ್ತಿದ್ದೆ. ಅವನ ತುಟಿ ಅಲ್ಲಾಡಿತು. "ನೀಲಿ ದಾರ… ಅಕ್ಕಾ, ನೀಲಿ ದಾರ."

"ಆಗ್ಲಿಂದ್ಲೂ ಅದೇ ಬಡ್ಕತಾವ್ನೆ. ತಲೆ ಕೆಟ್ಟೈತೆ ಬಡ್ಡೀಮಗನ್ಗೆ," ಅಂದ ಟೀ ಅಂಗಡಿಯವನು.

ಮುಖ ಗುರುತು ಸಿಗದಿದ್ದರೂ ದನಿ ಸಿಕ್ಕಿತು. ಎತ್ತಿದ ಕೈ ಅಲ್ಲೇ ನಿಂತಿತು. ಒಂದೇ ಕಾಲಿನ ಚಪ್ಪಲಿಯಲ್ಲಿ ಒಳಗೆ ಹೋದೆ. ಸೊಂಟದ ಕೀಲಿ ಸೆರಗಿಗೆ ಸಿಕ್ಕಿಕೊಂಡಿತ್ತು. ಸೆರಗಿನ ಅಂಚು ಹರಿದು ತೆಗೆದೆ. ಡ್ರಾಯರು, ಡಬ್ಬ, ಹನ್ನೊಂದು ವಾಲ್ವು. ನೀಲಿ ದಾರದ್ದನ್ನು ತಂದು ಎಲ್ಲರ ಎದುರು ಎತ್ತಿ ಹಿಡಿದೆ.

"ಬಿಚ್ಚಿ ಅವನನ್ನ. ಸೈಕಲ್ಲು ಅವನದೇ. ಇದು ಅದರ ವಾಲ್ವು."

ಯಜಮಾನರು ಪಂಪು ಕೆಳಗಿಡಲಿಲ್ಲ. "ಯಾವ ವಾಲ್ವಾದ್ರೂ ಯಾವ ಸೈಕಲ್ಲಿಗಾದ್ರೂ ಕೂರುತ್ತೆ ಕಣೇ. ಬಾಯಿ ಮುಚ್ಕೊಂಡು ಒಳಗೆ ಹೋಗು. ಇವನನ್ನ ಠಾಣೆಗೆ ಕೊಡೋದೇ."

"ಕೂರುತ್ತೆ. ಆದ್ರೆ ಈವತ್ತು ಬೆಳಿಗ್ಗೆ ಇದನ್ನ ನನ್ನ ಕೈಗೆ ಕೊಟ್ಟೋನು ಇವನೇ. ದಿನಾ ಕೊಡೋನೂ ಇವನೇ. ಠಾಣೆಗೆ ಬೇಕಾದ್ರೆ ನಡೀರಿ, ನಾನೂ ಬಂದು ಇದನ್ನೇ ಹೇಳ್ತೀನಿ."

ಹಿಂದಿನ ಸಾಲಿನವರು ಮೊದಲು ಹೋದರು. ಮುಂದಿನವರು ತಿರುಗಿ ನೋಡಿ, ಹಿಂದೆ ಯಾರೂ ಇಲ್ಲವೆಂದು ಕಂಡು, ಅವರೂ ಹೋದರು. ಚೈನು ಬಿಚ್ಚಿದವಳು ನಾನೇ. ಎಡಗೈಯನ್ನು ಅವನೇ ಮುಂದಕ್ಕೆ ತಂದುಕೊಂಡ. ಬಲಗೈ ಬರಲಿಲ್ಲ. ಮಣಿಕಟ್ಟಿನ ಕೆಳಗೆ ಬೇರೆಯವರ ಕೈ ಹೊಲಿದು ನೇತುಹಾಕಿದ ಹಾಗೆ ಜೋತಿತ್ತು.

ನಡೆದದ್ದು ಇಷ್ಟು. ಅಂದು ಕಾಯಿ ಲೋಡು ಬಂದಿರಲಿಲ್ಲ, ಅವನು ಎರಡಕ್ಕೇ ತಿರುಗಿ ಬಂದಿದ್ದ. ಮನೆಯಲ್ಲಿ ಹಸು ಈಯುವ ಹೊತ್ತು. ನನಗಾಗಿ ಜಗಲಿಯಲ್ಲಿ ಕೂತು ಕಾದ, ಕಿಟಕಿಯಲ್ಲಿ ಇಣುಕಿ ನೋಡಿದ, ಪಕ್ಕದ ಮನೆಯಲ್ಲಿ ಕೇಳಿದ. ಕೀಲಿ ಇಲ್ಲ ಎಂದ ಆಕೆ ಆಮೇಲೆ ಗದ್ದಲಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಳು. ಮಂಗಳವಾರವಾದ್ದರಿಂದ ಸೈಕಲ್ ಶಾಪೂ ಮುಚ್ಚಿತ್ತು. ಗಾಳಿಯಿಲ್ಲದ ಸೈಕಲ್ಲನ್ನು ತಳ್ಳುತ್ತ ತನ್ನೂರಿನ ಕಡೆ, ಹಳ್ಳಿ ರಸ್ತೆ ಕಡೆ ಹೊರಟ. ಕರೆಂಟಿಲ್ಲದೆ ಸಾಮಿಲ್ಲು ನಿಂತು ನಮ್ಮವರೂ ಆಗಲೇ ಓಣಿಗೆ ಬಂದರು.

"ವಾಲ್ವು ಅಕ್ಕನ ಹತ್ರ ಐತೆ ಅಂತ ಅವನು ಹೇಳ್ಲಿಲ್ವೇನ್ರೀ?" ಎಂದು ಕೇಳಿದೆ.

"ಹೇಳ್ದ. ಡ್ರಾಯರಿಗೆ ಬೀಗ ಇತ್ತು. ಕೀಲಿ ನಿನ್ನ ಹತ್ರ."

ಆ ಬೀಗ ನೆಲಗಡಲೆಯ ಗಾತ್ರದ್ದು. ಅವನ ಮಣಿಕಟ್ಟಿಗೆ ಹಾಕಿದ ಏಟನ್ನು ಅದಕ್ಕೆ ಹಾಕಿದ್ದರೆ ಸಾಕಿತ್ತು. ಇದನ್ನು ಅವರಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೀಲಿ ನನ್ನ ಸೊಂಟದಲ್ಲಿತ್ತು. "ಆ ಕಡೆ ಹೊರಟೋನ್ನ ಬಿಡಬೇಡಿ" ಎಂದವಳೂ ನಾನೇ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕೈ ನೋಡಿ, "ಬಿದ್ದದ್ದೋ, ಹೊಡೆದದ್ದೋ?" ಎಂದು ಕೇಳಿದರು. ಜೊತೆಗೆ ಬಂದ ಟೀ ಅಂಗಡಿಯವನು, "ಸೈಕಲ್ಲಿಂದ ಬಿದ್ದ ಸಾರ್" ಅಂದ. ಕಾಯಿ ಸುಲಿಯುವವನು ತೆರೆದಿದ್ದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದ.

"ಹೊಡೆದದ್ದು," ಅಂದೆ. "ಓಣಿಯವರು ಹೊಡೆದರು. ನಮ್ಮ ಯಜಮಾನರು ಹೊಡೆದರು. ನಾನೂ ಹೊಡೆದೆ."

ಡಾಕ್ಟರು ಬರೆದುಕೊಂಡರು. ಕೇಸು ಮಾಡುತ್ತೀಯಾ ಎಂದು ಅವನನ್ನು ಕೇಳಿದರು. "ಕೇಸು ಕಟ್ಕೊಂಡು ಕಾಯಿ ಸುಲಿಯಾಕಾಯ್ತದಾ? ಮನೆಗೆ ಕಳ್ಸಿ ಸಾಮಿ," ಅಂದ. ಮೂಳೆ ಕೂರಿಸುವಾಗ ಅವನು ಕೂಗಿದ್ದು ಹೊರಗಿನ ಹುಣಸೆಮರದವರೆಗೂ ಕೇಳಿಸಿತು. ಯಜಮಾನರು ಆ ಮರದ ಕೆಳಗೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದರು.

ನಮ್ಮ ಪಂಪು ಬಗ್ಗಿಹೋಗಿ ಕೊಳವೆಯೊಳಗೆ ಕಡ್ಡಿ ಆಡುತ್ತಿರಲಿಲ್ಲ. ಪಕ್ಕದ ಮನೆಯ ಪಂಪು ತಂದು ಅವನ ಚಕ್ರಕ್ಕೆ ಗಾಳಿ ಹೊಡೆದೆ. ಯಜಮಾನರು ಅವನನ್ನು ಅವನದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಊರಿಗೆ ತುಳಿದರು. ಬರುವಾಗ ಬಸ್ಸಿಗೆ ಬಂದರು. ಕೆಳತುಟಿ ಸೀಳಿತ್ತು, ಕೆನ್ನೆಯ ಮೇಲೆ ಉದ್ದನೆಯ ಬಾಸುಂಡೆ.

"ಯಾರ್ರೀ?"

"ಅವನ ತಾಯಿ. ಒಲೆ ಊದೋ ಕೊಳವೇಲಿ."

"ನೀವು?"

"ನಿಂತ್ಕೊಂಡೆ."

"ಅವನು ಬಿಡಿಸ್ಲಿಲ್ವಾ?"

"ಇಲ್ಲ. ಜಗಲಿ ಮೇಲೆ ಕೂತು ನೋಡ್ತಿದ್ದ." ತುಟಿಯ ರಕ್ತ ಒರೆಸಿಕೊಂಡು ಹೇಳಿದರು. "ಹಸು ಬೆಳಿಗ್ಗೆನೇ ಕರು ಹಾಕಿತ್ತಂತೆ."

ಮರುದಿನದಿಂದ ಯಾರ ವಾಲ್ವನ್ನೂ ಇಟ್ಟುಕೊಳ್ಳಲಿಲ್ಲ. ಸೈಕಲ್ ಹೋದರೆ ಹೋಗಲಿ, ಬೀಗ ಎರಡು ಹಾಕಿ, ಫ್ರೇಮಿನ ನಂಬರು ಬರೆದಿಟ್ಟುಕೊಳ್ಳಿ ಎಂದಷ್ಟೇ ಹೇಳಿದೆ. ಯಜಮಾನರು ಮೂರು ಭಾನುವಾರ ಅವನ ಹಸುವಿಗೆ ಹುಲ್ಲು ಕೊಯ್ದು ಹಾಕಲು ಹೋದರು. ನಾಲ್ಕನೆಯ ಭಾನುವಾರ ಆ ತಾಯಿ, "ಸಾಕು, ಇನ್ನ ಬರಬ್ಯಾಡ" ಎಂದಳಂತೆ. ಅವನ ಕೈ ಸೊಟ್ಟಗೆ ಕೂಡಿಕೊಂಡಿತು. ಅವನು ಮತ್ತೆ ಕಾಯಿ ಸುಲಿಯಲಿಲ್ಲ, ಯಾರದೋ ತೋಟ ಕಾಯುವ ಕೆಲಸಕ್ಕೆ ಸೇರಿದನೆಂದು ಕೇಳಿದೆ. ನಮ್ಮ ಗೋಡೆಗೆ ಅವನ ಸೈಕಲ್ ಮತ್ತೆ ಒರಗಲಿಲ್ಲ.

ಆ ಮಂಗಳವಾರ ಸಂಜೆ ಚಪ್ಪಲಿಯನ್ನು ನಲ್ಲಿಯ ಕೆಳಗೆ ತೊಳೆದು ಗೋಡೆಗೆ ಆನಿಸಿಟ್ಟೆ. ಕಂಬವನ್ನೂ ತೊಳೆದೆ. ಬೆಳಿಗ್ಗೆ ಬಸಿದಿಟ್ಟ ಕಟ್ಟಿಗೆ ಖಾರ ಅರೆದು ಹಾಕಿ ಹುರುಳಿಸಾರು ಕುದಿಸಿ, ಎರಡು ಮುದ್ದೆ ತಿರುವಿದೆ. ಸೀಳಿದ ತುಟಿಗೆ ಖಾರ ತಾಗಿ ಯಜಮಾನರು ಎರಡನೇ ತುತ್ತಿಗೇ ತಟ್ಟೆ ಸರಿಸಿದರು. ಮಜ್ಜಿಗೆ ಕೊಟ್ಟೆ, ಅದರಲ್ಲಿ ಅರ್ಧ ಮುದ್ದೆ ನುಂಗಿದರು. ನಾನು ನನ್ನ ಮುದ್ದೆಯನ್ನೂ, ಅವರು ಬಿಟ್ಟ ಸಾರನ್ನೂ ಪೂರ್ತಿ ಉಂಡೆ. ಹಸಿವಾಗಿತ್ತು. ಅವರು ಗೋಡೆಗೊರಗಿ ಬಾಗಿಲ ಹಿಂದೆ ಚೈನಿದ್ದ ಖಾಲಿ ಜಾಗ ನೋಡುತ್ತ ಕೂತಿದ್ದರು. ಮೊದಲು ನಿದ್ದೆ ಹೋದವಳು ನಾನು.