ಬಯಕೆ ಊಟದ ಮೆರವಣಿಗೆ

ನಮ್ಮ ಕಡೆ ಚೊಚ್ಚಲ ಬಸುರಿಯನ್ನು ನೆಂಟರೆಲ್ಲ ಸರದಿಯ ಮೇಲೆ ಮನೆಗೆ ಕರೆದು ಬಯಕೆ ಊಟ ಹಾಕುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಪಾಳಿ ಬಂತು. ಕುಮಟೆಯ ಗಂಡನ ಮನೆಯಿಂದ ಹೊರಟ ಮೆರವಣಿಗೆ ಕರ್ಕಿ, ಹೊನ್ನಾವರ ದಾಟಿ ಭಟ್ಕಳದವರೆಗೂ ಟೆಂಪೊದಲ್ಲಿ ಸಾಗಿತು. ಬಯಕೆ ನನ್ನದೆಂದು ಹೆಸರು. ಏನು ತಿನ್ನಬೇಕೆನಿಸುತ್ತದೆಂದು ಮಾತ್ರ ಯಾರೂ ಕೇಳಲಿಲ್ಲ.

ರೇಷ್ಮೆ ಸೀರೆ ಉಡಿಸಿ, ತಲೆ ತುಂಬ ಹೂವು ಮುಡಿಸಿ ಮಣೆಯ ಮೇಲೆ ಕೂರಿಸಿದರೆ ಆರತಿಯಾಗುವವರೆಗೆ ಏಳುವಂತಿಲ್ಲ. ಆರತಿ ಎತ್ತಬೇಕಾದವರು ಯಾವಾಗಲೂ ಟೆಂಪೊ ತಪ್ಪಿಸಿಕೊಂಡವರೇ. ಪಾಯಿಖಾನೆ ಹಿತ್ತಿಲಿನ ಆಚೆ ತುದಿಗೆ, ಹೋಗುವ ದಾರಿಯಲ್ಲಿ ಗಂಡಸರ ಪಂಕ್ತಿ. ಹೊಟ್ಟೆ ಹೊತ್ತು ಅವರ ಎಲೆಗಳ ಮುಂದೆ ಓಡಾಡುವುದು ಮರ್ಯಾದೆಯಲ್ಲವಂತೆ. ಆ ಹೊಟ್ಟೆ ಬಂದದ್ದು ಹೇಗೆಂದು ಪಂಕ್ತಿಗೆಲ್ಲ ಗೊತ್ತಿತ್ತು. ಬಸುರಿಗೆ ಮೂತ್ರ ಬರುತ್ತದೆಂಬ ಸುದ್ದಿ ಮಾತ್ರ ಅವರ ಕಿವಿಗೆ ಬೀಳಬಾರದು. ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ.

ಕೆಲವೇ ದಿನಗಳಲ್ಲಿ ಮೂತ್ರ ಹೊಯ್ಯುವಾಗ ಉರಿ ಶುರುವಾಯಿತು. ಅತ್ತೆಗೆ ಹೇಳಿದೆ.

"ಉಷ್ಣ ಆಗ್ಯದೆ, ಬೇರೆ ಎಂತ ಅಲ್ಲ," ಎಂದರು.

ನಮ್ಮಲ್ಲಿ ಉಷ್ಣದಿಂದ ಬಾರದ ಕಾಯಿಲೆಯೇ ಇಲ್ಲ. ಒಂದು ಮನೆಯಲ್ಲಿ ಎಳನೀರು, ಇನ್ನೊಂದರಲ್ಲಿ ಜೀರಿಗೆ ನೀರು, ಮತ್ತೊಂದರಲ್ಲಿ ಮುರುಗಲ ಹಣ್ಣಿನ ಪಾನಕ ಕುಡಿಸಿ ಮತ್ತೆ ಮಣೆಯ ಮೇಲೆ ಕೂರಿಸಿದರು.

ಮುಟ್ಟಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಆರತಿಯ ಹೊತ್ತಿಗೆ ನಾನು ಚಳಿಜ್ವರದಿಂದ ಗಡಗಡ ನಡುಗುತ್ತಿದ್ದೆ. ಸೊಂಟದ ಒಂದು ಬದಿ ಸಿಡಿಯುತ್ತಿತ್ತು. ಚಿಕ್ಕಮ್ಮ ಉಪ್ಪು, ಮೆಣಸು ಇಳಿಸಿ ಒಲೆಗೆ ಹಾಕಿ, "ಕಣ್ಣು ಬಿದ್ದದೆ. ಈಗ ಹೋತು ಕಾಣು," ಎಂದಳು. ಕಣ್ಣು ಹೋಯಿತೋ ಏನೋ, ಹೆರಿಗೆ ನೋವು ಬಂತು. ಗಂಡ ರಿಕ್ಷಾ ತಂದು ಆಸ್ಪತ್ರೆಗೆ ಸೇರಿಸಿದ. ದಿನ ತುಂಬುವ ಮೊದಲೇ ಮಗಳು ಹುಟ್ಟಿದಳು.

"ಮೂತ್ರದಲ್ಲಿ ಕೀವು ತುಂಬಿದೆ. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಮಗುವಿಗೂ ನಂಜಾಗಿದೆ," ಎಂದರು ಡಾಕ್ಟರಮ್ಮ. "ಉರಿ ಅಂದ ದಿನವೇ ಬಂದಿದ್ದರೆ ಬರೀ ಮಾತ್ರೆಯಲ್ಲಿ ಹೋಗುತ್ತಿತ್ತು."

ಮಗಳು ಅಳುತ್ತಿರಲಿಲ್ಲ, ಹಾಲೂ ಚೀಪುತ್ತಿರಲಿಲ್ಲ. ಹುಣಸೆ ಬೀಜದಷ್ಟು ಅಂಗೈ, ಅದಕ್ಕೊಂದು ಸೂಜಿ. ಆ ಕೈ ನೋಡಿದಾಗಲೆಲ್ಲ ನನಗೆ ಊರಿನ ಅಷ್ಟೂ ಮಣೆಗಳನ್ನು ಸೌದೆ ಮಾಡಬೇಕೆನಿಸುತ್ತಿತ್ತು. ಯಾರ ಮನೆಯ ಪಾಯಸಕ್ಕೆ ಮಗು ಹೆಚ್ಚು ಒದ್ದಿತೆಂದು ವಾದಿಸಿದ್ದವರೆಲ್ಲ ಈಗ, "ನಮ್ಮಲ್ಲಿಗೆ ಬಂದಾಗ ಚೆನ್ನಾಗೇ ಇದ್ದಿತ್ತು," ಎಂದು ಪಕ್ಕದ ಮನೆಯತ್ತ ಕೈ ತೋರಿಸುತ್ತಿದ್ದರು.

"ಹಾಲು ಕುಡಿದು ಚೆನ್ನಾಗಿ ಮೂತ್ರ ಮಾಡಲಿ, ಆಮೇಲೆ ಧೈರ್ಯ ಹೇಳುತ್ತೇನೆ," ಎಂದಿದ್ದರು ಡಾಕ್ಟರಮ್ಮ. ಕಾದೆವು. ಕಡೆಗೊಂದು ಮಧ್ಯಾಹ್ನ ಮಗಳು ನನ್ನೆದೆ ಹಿಡಿದು ಚೀಪಿದಳು. ಮಂಚದ ಸುತ್ತ ನೆಂಟರು ಪಂಕ್ತಿಗೆ ಕುಳಿತಂತೆ ಕುಳಿತಿದ್ದರು. ಅತ್ತೆ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೇ ತಡ, ಸೀರೆ ಪೂರ್ತಿ ಒದ್ದೆಯಾಯಿತು.

"ಇಷ್ಟು ಜನರ ಎದುರಿಗೇ ಹೊಯ್ದಳಲ್ಲೆ, ನಾಚಿಕೆ ಇಲ್ದವಳು," ಎಂದರು ಅತ್ತೆ.

"ಹೊಯ್ಯಲಿ ಬಿಡಿ ಅತ್ತೆ," ಎಂದವಳೇ ಗೋಳೋ ಎಂದು ಅತ್ತುಬಿಟ್ಟೆ.