ಎಂಆರ್‌ಐ ಯಂತ್ರದೊಳಗಿಂದ ಬಂದ ಅಕ್ಕನ ದನಿ

ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಇದು 2012ರಲ್ಲಿ ನಾನೇ ಕಿವಿಯಾರೆ ಕೇಳಿದ್ದು. ಆ ರಾತ್ರಿ ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಆಯಾ ಸುಲಭಾ ಮಾವಶಿ ಈಗಲೂ ಮುಂಬ್ರಾದಲ್ಲಿದ್ದಾರೆ. ಅವರ ಹತ್ತಿರ ಈ ಮಾತೆತ್ತಿದರೆ ಸುಮ್ಮನೆ ಎದ್ದು ಒಳಗೆ ಹೋಗುತ್ತಾರೆ.

ಆಗ ನಾನು ನವಿಮುಂಬಯಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಮನೆ ಡೊಂಬಿವಲಿಯಲ್ಲಿ. ಒಂದು ರೂಮು, ಒಂದು ಕಿಚನ್, ನಾನು ಮತ್ತು ಅಕ್ಕ. ಕುಂದಾಪುರದ ಕಡೆಯಿಂದ ನನ್ನನ್ನು ಇಲ್ಲಿಗೆ ಕರೆತಂದು, ಆಫೀಸಿನವರಿಗೆ ಊಟದ ಡಬ್ಬಾ ಮಾಡಿಕೊಟ್ಟು ಓದಿಸಿದವಳು ಅವಳು. ಬಾಯಿ ಬಲು ಜೋರು. ತರಕಾರಿಯವನಿಂದ ಹಿಡಿದು ಸೊಸೈಟಿಯ ಸೆಕ್ರೆಟರಿಯವರೆಗೆ ಅವಳ ಬಾಯಿಗೆ ಹೆದರದವರಿರಲಿಲ್ಲ. ನನಗೆ ನಲವತ್ತಾಗುತ್ತ ಬಂದರೂ ಕರೆಯುತ್ತಿದ್ದದ್ದು ‘ಮಾಣಿ’ ಎಂದೇ.

ಅಂಥವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಕಾಲು ಸ್ವಲ್ಪ ಸುಧಾರಿಸಿತು, ಮಾತು ಬರಲಿಲ್ಲ. ಏಳು ತಿಂಗಳು... ಒಂದಕ್ಷರವಿಲ್ಲ. ದಿನವಿಡೀ ಹಿಂದಿ, ಮರಾಠಿ ಮಾತಾಡಿ, ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಮನೆಗೆ ಬಂದರೆ ನನ್ನ ಭಾಷೆಯಲ್ಲಿ ‘ಬಂದ್ಯಾ’ ಎನ್ನುವವರೇ ಇಲ್ಲ. ಅಷ್ಟು ಒಂಟಿತನ ನಾನು ಅದುವರೆಗೆ ಕಂಡಿರಲಿಲ್ಲ.

ನಮ್ಮ ಸೆಂಟರಿಗೆ ಬರುತ್ತಿದ್ದ ಧಾರವಾಡದ ಡಾಕ್ಟರು ಒಂದು ದಿನ ಹೇಳಿದರು: "ನಿಮ್ಮ ಅಕ್ಕಾರಿಗೆ ಡಿಫ್ಯೂಷನ್ ಸ್ಕ್ಯಾನ್ ಮಾಡೂಣ್ರೀ. ಮಿದುಳಿನ ಎಡಕ್ಕ ಬಿಳಿ ದ್ರವ್ಯ ಎಷ್ಟ ಉಳದದ, ಬಲಕ್ಕ ಎಷ್ಟದ, ಎರಡೂ ಹೋಲಿಸಿ ನೋಡಿದ್ರ ಮಾತು ಬರ್ತದೋ ಇಲ್ಲೋ ಅಂತ ಹೇಳಬಹುದು."

ಬಿಳಿ ದ್ರವ್ಯವೆಂದರೆ ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ತಂತುಗಳ ಕಟ್ಟು. ಅದರೊಳಗೆ ನೀರು ಯಾವ ಕಡೆ ಸರಿಯುತ್ತದೆಂದು ನೋಡಿ ಯಂತ್ರವು ತಂತುಗಳ ದಾರಿ ಹುಡುಕುತ್ತದೆ. ಮಾತಿನ ಕಟ್ಟು ಹೆಚ್ಚಿನವರಿಗೆ ಎಡಗಡೆ. ಶರತ್ತು ಒಂದೇ: ಒಳಗೆ ಮಲಗಿದವರು ಅಲುಗಾಡಬಾರದು. ಬಾಯಿ ಬಿಟ್ಟು ಮಾತಾಡಿದರೂ ಚಿತ್ರ ಕೆಡುತ್ತದೆ.

ಹಗಲು ಯಂತ್ರಕ್ಕೆ ಬಿಡುವಿಲ್ಲ. ಹಾಗಾಗಿ ರಾತ್ರಿ ಹನ್ನೊಂದು ಕಳೆದ ಮೇಲೆ ಅಕ್ಕನನ್ನು ಟ್ಯಾಕ್ಸಿಯಲ್ಲಿ ಕರೆತಂದೆ. ಇಡೀ ಮಹಡಿಯಲ್ಲಿ, ರಾತ್ರಿ ಪಾಳಿಯ ಆಯಾ ಸೇರಿ, ನಾವು ಮೂವರೇ. ಸುಲಭಾ ಮಾವಶಿ ಅವಳ ಬಳೆ, ಹೇರ್‌ಪಿನ್ ತೆಗೆಸಿದರು. ಅವಳು ತಲೆಗೆ ಹಚ್ಚಿದ್ದ ತೆಂಗಿನೆಣ್ಣೆಯ ವಾಸನೆ ಸ್ಪಿರಿಟ್ಟಿನ ವಾಸನೆಯ ಜೊತೆ ಬೆರೆತಿತ್ತು. ಮಲಗಿಸಿ, ತಲೆ ಬಿಗಿಮಾಡಿ, ಒಳಗೆ ಸರಿಸಿ, ಬಾಗಿಲು ಹಾಕಿಕೊಂಡು ನಾವಿಬ್ಬರು ಗಾಜಿನ ಈಚೆ ಕೂತೆವು. ಅವಳ ತಲೆಯ ಹತ್ತಿರ ಮೈಕು, ನನ್ನ ಮೇಜಿನ ಮೇಲೆ ಸ್ಪೀಕರು, ಒಳಗಿನವರೊಡನೆ ಮಾತಾಡಲು ಗುಂಡಿ ಒತ್ತುವ ಇನ್ನೊಂದು ಮೈಕು.

ಯಂತ್ರ ಶುರುವಾಯಿತು. ಧಡ್ ಧಡ್ ಧಡ್... ಮೇಜು ನಡುಗುವಷ್ಟು ಸದ್ದು. ಸಾಮಾನ್ಯವಾಗಿ ಸ್ಪೀಕರಿನಲ್ಲೂ ಅದೇ ಗಲಾಟೆ ಬಿಟ್ಟು ಬೇರೇನೂ ಕೇಳಿಸದು.

ಐದಾರು ನಿಮಿಷ ಕಳೆದಿರಬೇಕು. ಸ್ಪೀಕರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ, ಆ ಗಲಾಟೆಯೇ ಇಲ್ಲವೇನೋ ಎಂಬಷ್ಟು ಸ್ಪಷ್ಟವಾಗಿ, ಅಡುಗೆಮನೆಯಿಂದ ಕರೆದ ಹಾಗೆ...

"ಮಾಣಿ... ನಿನ್ ಹತ್ರ ಒಂದ್ ಮಾತ್ ಹೇಳುಕಿತ್ತ್."

ನನ್ನ ಕೈ ತಾನಾಗಿ ಮೈಕಿನ ಗುಂಡಿ ಒತ್ತಿತು. ಹದಿನೈದು ವರ್ಷದ ಚಾಳಿ ನೋಡಿ. ಒಳಗಿನಿಂದ ದನಿ ಬಂದರೆ ತಕ್ಷಣ ಗದರುವುದು.

"ಮಾತಾಡ್ಬೇಡ ಅಕ್ಕ! ಅಲ್ಗಾಡ್ಬೇಡ, ಚಿತ್ರ ಹಾಳಾತ್ತ್!"

ಆಮೇಲೆ ತುಂಬ ಸಣ್ಣಗೆ, ಬೈಸಿಕೊಂಡವರ ದನಿಯಲ್ಲಿ, "ಹೂಂ... ಆಯ್ತ್ ಮಾಣಿ."

ಮಾವಶಿ ನನ್ನ ತೋಳು ಹಿಡಿದುಕೊಂಡರು. "ಕೋಣ್ ಬೋಲ್ಲಂ ರೇ?" ಎಂದು ಪಿಸುಗುಟ್ಟಿದರು. "ತೀ ಬೋಲ್ಲೀ ಕಾಯ್?"

ಯಾರು ಮಾತಾಡಿದ್ದು, ಅವಳೇ ಏನು, ಎಂದು ಅವರು ಕೇಳಿದಾಗಲೇ ನನಗೆ ಹೊಳೆದದ್ದು. ಏಳು ತಿಂಗಳ ಮೇಲೆ ಅಕ್ಕ ಬಾಯಿಬಿಟ್ಟಿದ್ದಳು. ನಾನು ಅವಳನ್ನು ಸುಮ್ಮನಿರಿಸಿದ್ದೆ.

ಅಷ್ಟರಲ್ಲಿ ಸ್ಕ್ಯಾನ್ ಮುಗಿಯಿತು. ಒಳಗೆ ಓಡಿದೆ. ಮಂಚ ಹೊರಗೆಳೆದು ನೋಡಿದರೆ ಅಕ್ಕ ಕಣ್ಣು ತೆರೆದು ಮಲಗಿದ್ದಳು. ತುಟಿಗಳು ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಹಳ ಹೊತ್ತಿನಿಂದ ಆ ಬಾಯಿ ತೆರೆದದ್ದೇ ಇಲ್ಲ ಎಂದು ಯಾರಾದರೂ ಹೇಳಬಹುದಿತ್ತು.

"ಹೇಳ್ ಅಕ್ಕ. ಎಂತ ಹೇಳುಕಿತ್ತ್?" ಅವಳ ಎಡಗೈ ಹಿಡಿದು ಕೇಳಿದೆ. "ಈಗ ಹೇಳ್, ಮುಗ್ದ್ ಹೋಯ್ತ್."

ಅವಳು ನನ್ನನ್ನೇ ನೋಡಿದಳು. ಅಷ್ಟೇ.

ಆ ರಾತ್ರಿಯೇ ಕೂತು ಚಿತ್ರ ತೆಗೆದು ನೋಡಿದೆ. ಬಲಗಡೆ ತಂತುಗಳ ಕಟ್ಟು ಚೆನ್ನಾಗಿ ಹೆಣೆದ ಜಡೆಯ ಹಾಗೆ ದಪ್ಪಗೆ ಬಾಗಿತ್ತು. ಎಡಗಡೆ ಕಪ್ಪು... ಬರೀ ಕಪ್ಪು. ಪರದೆಯ ಮೇಲೆ ಎಡ ಬಲ ಅದಲುಬದಲಾಗಿ ಕಾಣುತ್ತದೆ, ಎಲ್ಲೋ ನಾನೇ ತಪ್ಪಿದೆನೋ ಎಂಬ ಆಸೆಯಿಂದ ಮೂರು ಸಲ ತಾಳೆ ನೋಡಿದೆ. ತಪ್ಪಿರಲಿಲ್ಲ. ತಲೆ ಎಷ್ಟು ಅಲುಗಾಡಿತೆಂದು ತೋರಿಸುವ ಗೆರೆ ಆರಂಭದಿಂದ ಕೊನೆಯವರೆಗೆ ನೇರವಾಗಿತ್ತು. ಆ ಹೊತ್ತಿನಲ್ಲಿ ಅಕ್ಕ ಮಾತಾಡಿದ್ದರೆ ಆ ಗೆರೆ ನೇರ ಬರುವ ಮಾತೇ ಇಲ್ಲ.

ಮರುದಿನ ಡಾಕ್ಟರು ನೋಡಿ, "ಇಷ್ಟು ಸ್ವಚ್ಛ ಸ್ಕ್ಯಾನ್ ಅಪರೂಪ ರೀ. ಆದ್ರ ಎಡಕ್ಕ ಏನೂ ಉಳದಿಲ್ಲ. ಇನ್ನ ಮಾತು ಬರೂದಿಲ್ಲ," ಎಂದರು.

"ಒಂದೆರಡು ಮಾತೂ ಬರೋದಿಲ್ವಾ?" ಎಂದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ರಾತ್ರಿ ನಡೆದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅಕ್ಕ ಆಮೇಲೆ ನಾಲ್ಕು ವರ್ಷ ಬದುಕಿದಳು. ಒಂದು ದಿನವೂ ಬಾಯಿಬಿಡಲಿಲ್ಲ. ನಾನು ದಿನಾ ಕೇಳಿದೆ, ಮುದ್ದಿಸಿ ಕೇಳಿದೆ, ಒಮ್ಮೆ ಸಿಟ್ಟಿನಲ್ಲಿ ಕೂಗಿಯೂ ಕೇಳಿದೆ. ಹೇಳಬೇಕೆಂದಿದ್ದ ಆ ಒಂದು ಮಾತು ಏನೆಂದು ತಿಳಿಸದೆಯೇ ಹೋದಳು. ಮಾತಾಡಿದ್ದು ಅವಳೋ, ಮತ್ತೇನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸುಮ್ಮನಿರು ಎಂದವನು ನಾನು, ಅದು ಗೊತ್ತು.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ರಾತ್ರಿ ಪಾಳಿಯಲ್ಲಿ ಕೊನೆಯ ಪೇಶಂಟ್ ಹೋದ ಮೇಲೆ, ಖಾಲಿ ಯಂತ್ರದ ಕಡೆ ನೋಡುತ್ತ ಮೈಕ್ ಹಾಕಿ ಹೇಳುತ್ತೇನೆ, "ಅಕ್ಕ, ಈಗ ಮಾತಾಡ್ಲಕ್ಕ್."

ಆಮೇಲೆ ಕಿವಿಗೊಟ್ಟು ಕೂರುತ್ತೇನೆ. ಒಂದು ನಿಮಿಷ ಮಾತ್ರ... ಅದಕ್ಕಿಂತ ಹೆಚ್ಚು ಕೂರಲು ಧೈರ್ಯ ಸಾಲದೆ, ಸ್ಪೀಕರ್ ಆರಿಸಿಬಿಡುತ್ತೇನೆ.